ಪುಟಕ್ಕೆ ಐದು ತಪ್ಪು

ಅವನ ಮದುವೆಯ ಕರೆಯೋಲೆ ಕರಡು ತಿದ್ದಲು ಅವಳ ಮೇಜಿಗೇ ಬಂತು.

ಬೇರೆ ಎಲ್ಲಿಗೆ ಹೋಗಬೇಕಿತ್ತು ಅದು? ಆ ಬೀದಿಗೆ ಇದ್ದದ್ದು ಒಂದೇ ಮುದ್ರಣಾಲಯ, ಮುದ್ರಣಾಲಯಕ್ಕೆ ಕರಡು ತಿದ್ದುವವಳು ಇವಳೊಬ್ಬಳೇ. ಅಂಗಡಿಗಳ ಕರಪತ್ರ, ಪರೀಕ್ಷೆಯ ಗೈಡು, ಸತ್ತವರ ಫೋಟೊ ಕೆಳಗಿನ ನಾಲ್ಕು ಸಾಲು, ಮದುವೆಯ ಕಾರ್ಡು, ಏನೇ ಇರಲಿ, ಹನ್ನೊಂದು ವರ್ಷದಿಂದ ಅವಳ ಕೆಂಪು ಪೆನ್ನಿಗೆ ಸಿಗದೆ ಮೆಷಿನ್ ಹತ್ತಿದ ಹಾಳೆ ಒಂದೂ ಇರಲಿಲ್ಲ. ಮೆಷಿನ್ ನಡೆಸುವ ಅಣ್ಣ, ಟೈಪಾಗಿಯೇ ಬಂದಿದ್ದ ಹಾಳೆಯನ್ನು ಮೇಜಿನ ಅಂಚಿಗೆ ಇಟ್ಟು, ಅವಳ ಮುಖ ನೋಡದೆ, "ಇವತ್ತೇ ಬೇಕಂತೆ," ಎಂದು ಜಾಗ ಖಾಲಿ ಮಾಡಿದ. ಪಾಪ, ಅವನಿಗೂ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು.

ಅವಳು ಓದಿದಳು. ಮೊದಲು ಮುಂದಿನಿಂದ, ಆಮೇಲೆ ಅರ್ಥದ ಮೋಸಕ್ಕೆ ಬೀಳಬಾರದೆಂದು ಹಿಂದಿನಿಂದ, ಒಂದೊಂದೇ ಪದ. ವರ, ಗಡಿಯಾರದ ಅಂಗಡಿಯ ಗುಮಾಸ್ತ. ವಧು, ಆ ಅಂಗಡಿಯ ಯಜಮಾನನ ಒಬ್ಬಳೇ ಮಗಳು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಮರುದಿನ ಬೆಳಿಗ್ಗೆಯೇ ವಧೂವರರು ಮಧುಚಂದ್ರಕ್ಕೆ ಹೊರಡುವುದರಿಂದ ಹರಸುವವರು ಅಂದೇ ಬಂದು ಹರಸಬೇಕಾಗಿ ವಿನಂತಿ.'

ಇಡೀ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಒಂದು ಒತ್ತು, ಒಂದು ದೀರ್ಘ, ಒಂದು ಸೊನ್ನೆ ಅತ್ತಿತ್ತ ಆಗಿರಲಿಲ್ಲ. ಇದು ಅವನು ಬರೆದದ್ದಲ್ಲ ಎಂದು ಅವಳಿಗೆ ಅದರಿಂದಲೇ ಖಾತ್ರಿಯಾಯಿತು. ಹುಡುಗಿ ಓದಿದವಳಿರಬೇಕು, ಬರೆದು ಟೈಪು ಮಾಡಿಸಿ ಕಳಿಸಿದ್ದಾಳೆ. 'ಮಧುಚಂದ್ರ' ಎಂಬ ಪದವನ್ನು ಇಷ್ಟು ಸರಿಯಾಗಿ ಬರೆಯುವ ಯೋಗ್ಯತೆ ಅವನಿಗೆಲ್ಲಿಂದ ಬರಬೇಕು?

ಮೂಲೆಯಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದಳು. ನಾಲಿಗೆ ತಾನಾಗಿಯೇ ಬಾಯಿಯ ಬಲಮೂಲೆಗೆ ಹೋಗಿ, ಅಲ್ಲಿ ಹಲ್ಲಿಲ್ಲದ ಜಾಗವನ್ನು ಮುಟ್ಟಿ ನೋಡಿ ಬಂತು.

ಆ ಹಲ್ಲಿನ ಕತೆಯೇ ಅವಳ ಕತೆ. ಎರಡು ವರ್ಷದ ಹಿಂದೆ ಅದು ಹುಳುಕಾದಾಗ ವೈದ್ಯ ಎರಡು ದಾರಿ ಹೇಳಿದ್ದ. ಒಳಗೆ ಶುದ್ಧ ಮಾಡಿ ಮೇಲೆ ಟೋಪಿ ಹಾಕಿಸಬಹುದು, ಇಲ್ಲವೇ ಕಿತ್ತುಹಾಕಬಹುದು. ಟೋಪಿಯ ದರ ಕೇಳಿದರೆ ಅದು 'ಮಧುಚಂದ್ರ ನಿಧಿ'ಯ ಎರಡು ತಿಂಗಳ ಕಂತಿಗೆ ಸಮ. ಅವಳು ಕೀಳಿಸಿದಳು. ಸಂಜೆ ಊದಿದ ಕೆನ್ನೆ ಹಿಡಿದುಕೊಂಡೇ ಆ ತಿಂಗಳ ಕಂತು ಕಟ್ಟಿದಳು. ಅವನು ಅವಳ ಕೆನ್ನೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದ. ಆ ನೀರನ್ನೂ ಅವಳು ಈಗ ಬಡ್ಡಿ ಸಮೇತ ಅವನ ತಲೆಯ ಮೇಲೇ ಹೊರಿಸಿದ್ದಳು.

ನಿಧಿಯ ಯೋಚನೆ ಅವನದೇ. "ಮದುವೆ ಮಾಡೋದು ಮನೆಯವರ ಕೆಲಸ. ಮಧುಚಂದ್ರ ನಮ್ಮಿಬ್ಬರದು. ಅದಕ್ಕೆ ಯಾರ ಹತ್ರಾನೂ ಕೈ ಚಾಚೋದು ಬೇಡ," ಎಂದಿದ್ದ. ಸಮುದ್ರದ ಪಕ್ಕದಲ್ಲಿ ಒಂದು ವಸತಿಗೃಹ, ಎರಡನೆಯ ಮಹಡಿಯ ಕೊನೆಯ ಕೋಣೆ, ಐದು ದಿನ. ಅದಕ್ಕೊಂದು ಉದ್ದನೆಯ ಪುಸ್ತಕ ತಂದು ಗೆರೆ ಹಾಕಿದ: ರೈಲಿಗೆ ಇಷ್ಟು, ಕೋಣೆಗೆ ಇಷ್ಟು, ದೋಣಿಗೆ ಇಷ್ಟು, ಕೊನೆಯಲ್ಲಿ 'ಸುಮ್ಮನೆ ಖರ್ಚು' ಎಂಬ ಒಂದು ಕಲಂ. ಸುಮ್ಮನೆ ಖರ್ಚು ಎಂದರೇನು ಎಂದು ಇವಳು ಕೇಳಿದ್ದಕ್ಕೆ, "ಯಾತಕ್ಕೂ ಅಲ್ಲದ್ದು. ಅದಿಲ್ದಿದ್ರೆ ಅದು ಮಧುಚಂದ್ರ ಅಲ್ಲ, ಬರೀ ಪ್ರಯಾಣ," ಎಂದ.

ಮೂರು ವರ್ಷ ಬಾಯಿ ಕಟ್ಟಿ ಹೊಟ್ಟೆ ಕಟ್ಟಿ ಉಳಿಸಿದಳು. ಬಸ್ಸು ಬಿಟ್ಟು ನಲವತ್ತು ನಿಮಿಷ ನಡೆದಳು. ಒಂದೇ ಜೊತೆ ಚಪ್ಪಲಿಗೆ ನಾಲ್ಕು ಸಲ ಹೊಲಿಗೆ ಹಾಕಿಸಿದಳು. ರಜೆಯ ದಿನಗಳಲ್ಲಿ ಗೈಡುಗಳ ಕರಡನ್ನು ಅರ್ಧ ದರಕ್ಕೆ ಮನೆಗೆ ತಂದು ತಿದ್ದಿದಳು. ಅವಳಿದ್ದದ್ದು ಅಕ್ಕ ಭಾವನ ಮನೆಯ ಮಹಡಿ ಕೋಣೆಯಲ್ಲಿ. ಅಕ್ಕ ಅವಳ ಹಳೆ ಚಪ್ಪಲಿ ನೋಡಿ, "ನೀನು ಮಧುಚಂದ್ರಕ್ಕೆ ಹೋಗೋ ಹೊತ್ತಿಗೆ ನಡೆಯೋಕೆ ಕಾಲೇ ಇರಲ್ಲ," ಎಂದು ನಗುತ್ತಿದ್ದಳು. ದುಡ್ಡು ಅವನ ಹೆಸರಿನ ಖಾತೆಯಲ್ಲಿತ್ತು, ಬ್ಯಾಂಕು ಅವನ ಅಂಗಡಿಗೆ ಹತ್ತಿರ ಎಂಬ ಕಾರಣಕ್ಕೆ. ಪುಸ್ತಕ ಇವಳ ಬಳಿ. ಪ್ರತಿ ತಿಂಗಳೂ ಅವನು ಬರೆಯುವುದು, ಇವಳು ತಿದ್ದುವುದು.

ತಿದ್ದುವುದು ಎಂದರೆ ನಿಜಕ್ಕೂ ತಿದ್ದುವುದೇ. ಮೊದಲ ಪುಟದ ಮೇಲೆ ಅವನು ದಪ್ಪ ಅಕ್ಷರದಲ್ಲಿ 'ಮದುಚಂದ್ರ ನಿದಿ' ಎಂದು ಬರೆದಿದ್ದ. ಮಧುವಿಗೂ ಮಹಾಪ್ರಾಣವಿಲ್ಲ, ನಿಧಿಗೂ ಇಲ್ಲ. ಇವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಎರಡಕ್ಕೂ ಕೆಂಪು ಗೆರೆ ಎಳೆದಿದ್ದಳು. ಮುಂದಿನ ತಿಂಗಳೂ ಅದೇ 'ಮದು', ಅದೇ 'ನಿದಿ'. ಖರ್ಚು ಎನ್ನುವುದು 'ಕರ್ಚು'. ಬೇಕಾದಲ್ಲಿ ಬಿಟ್ಟ ಮಹಾಪ್ರಾಣವನ್ನೆಲ್ಲ ಬೇಡವಾದಲ್ಲಿ ತಂದು ಸುರಿಯುತ್ತಿದ್ದ: ಗಂಟೆಗೆ 'ಘಂಟೆ', ಗಡಿಯಾರಕ್ಕೆ 'ಘಡಿಯಾರ'. ಗಡಿಯಾರದ ಅಂಗಡಿಯಲ್ಲಿ ಆರು ವರ್ಷದಿಂದ ಅನ್ನ ತಿನ್ನುವವನಿಗೆ ಗಡಿಯಾರ ಎಂದು ಬರೆಯಲು ಬಾರದು. ಎಷ್ಟು ತಿದ್ದಿದರೂ ತಪ್ಪುಗಳು ಹಾಗೆಯೇ, ಯಾವ ಪುಟದಲ್ಲೂ ಐದಕ್ಕೆ ಕಡಿಮೆ ಇಲ್ಲ, ಐದಕ್ಕೆ ಹೆಚ್ಚೂ ಇಲ್ಲ. ದಡ್ಡತನಕ್ಕೂ ಒಂದು ಶಿಸ್ತು ಇರುತ್ತದೆ ಎಂದು ಅವಳು ಅವನನ್ನು ರೇಗಿಸುತ್ತಿದ್ದಳು.

ಅವನು ಮುದ್ರಣಾಲಯಕ್ಕೆ ಮೊದಲ ಸಲ ತಂದದ್ದು ಅಂಗಡಿಯ ರಿಯಾಯಿತಿ ಮಾರಾಟದ ಕರಪತ್ರ. ಅದರಲ್ಲಿ ಇದ್ದದ್ದು ಒಂದೇ ತಪ್ಪು. ಅವಳು ಅದಕ್ಕೆ ಅವನನ್ನು ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಬೈದಿದ್ದಳು. ಎರಡನೆಯ ವಾರ ತಂದ ಕರಪತ್ರದಲ್ಲಿ ಐದು. ಮನುಷ್ಯನ ಪರಿಚಯ ಬೆಳೆದಂತೆ ಅವನ ತಪ್ಪುಗಳೂ ಹೊರಗೆ ಬರುತ್ತವೆ ಎಂದುಕೊಂಡಿದ್ದಳು. "ಏನು ಸ್ವಾಮಿ, ಸ್ಕೂಲಿಗೆ ಹೋಗಿದ್ರಾ ಇಲ್ವಾ?" ಎಂದು ಕೇಳಿದ್ದಕ್ಕೆ ಅವನು, "ನಿಮ್ಮ ಕೆಂಪು ಪೆನ್ನಿಗೂ ಕೆಲಸ ಬೇಡ್ವಾ ಮೇಡಂ?" ಎಂದು ಹಲ್ಲು ಕಿರಿದಿದ್ದ. ನಾಚಿಕೆಯನ್ನು ಮುಚ್ಚಿಕೊಳ್ಳಲು ಗಂಡಸರು ಹೀಗೆಯೇ ಹಲ್ಲು ಕಿರಿಯುತ್ತಾರೆ.

ಎಂಟು ತಿಂಗಳ ಹಿಂದೆ, ಅಂಗಡಿಗೂ ಮುದ್ರಣಾಲಯಕ್ಕೂ ನಡುವಿನ ಓಣಿಯಲ್ಲಿ ನಿಂತು ಅವನು ಮೂರೇ ಮಾತಿನಲ್ಲಿ ಕೈ ತೊಳೆದುಕೊಂಡಿದ್ದ. "ನಿನಗೆ ನನ್ನಲ್ಲಿ ತಪ್ಪು ಬಿಟ್ಟು ಬೇರೇನೂ ಕಾಣಲ್ಲ. ಮೊದಲು ಚೆನ್ನಾಗಿತ್ತು ಅದು, ಈಗ ಸುಸ್ತಾಗುತ್ತೆ. ಪುಸ್ತಕ ನೀನೇ ಇಟ್ಕೋ, ದುಡ್ಡಿನ ವಿಷಯ ಆಮೇಲೆ ನೋಡೋಣ."

ಆಮೇಲೆ ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಮುಂದಿನ ತಿಂಗಳು ಎಂದ. ಮೂರನೆಯ ಸಲ ಕೇಳಲು ಮಾನ ಒಪ್ಪಲಿಲ್ಲ. ಈಗ ಕರೆಯೋಲೆ ಬಂತು. ಅವಳ ನಲವತ್ತು ನಿಮಿಷದ ನಡಿಗೆ, ಅವಳ ಚಪ್ಪಲಿ, ಅವಳ ಹಲ್ಲು ಎಲ್ಲವೂ ಸೇರಿ ಇನ್ನೊಬ್ಬಳಿಗೆ ಸಮುದ್ರ ತೋರಿಸಲಿವೆ. ಎರಡನೆಯ ಮಹಡಿಯ ಕೊನೆಯ ಕೋಣೆಯೇ ಇರಬೇಕು. ಹೊಸದನ್ನು ಹುಡುಕುವಷ್ಟು ಚುರುಕು ಅವನಿಗೆಲ್ಲಿದೆ.

ಅವಳಿಗೆ ದುಡ್ಡು ಬೇಕಾಗಿರಲಿಲ್ಲ. ಅವನು ಆ ಸಮುದ್ರ ನೋಡಬಾರದು, ಅಷ್ಟೇ. ಮಾವನ ಮುಂದೆ, ಹುಡುಗಿಯ ಮುಂದೆ, ಬೀದಿಯ ಮುಂದೆ ಅವನ ತಲೆ ತಗ್ಗಬೇಕು. ಅವಳು ಓಣಿಯಲ್ಲಿ ನಿಂತಿದ್ದಳಲ್ಲ, ಹಾಗೆ ಅವನು ಎಲ್ಲಾದರೂ ಒಂದು ಕಡೆ ನಿಂತು, ಹೇಳಲು ಒಂದು ಪದವಿಲ್ಲದೆ ಒದ್ದಾಡಬೇಕು.

ಮೊದಲು ಹೊಳೆದದ್ದು ಕಾರ್ಡಿನಲ್ಲೇ ಒಂದು ಅಕ್ಷರ ತಿರುಚಿಬಿಡುವುದು. ಒಂದು ಒತ್ತು ಜಾರಿದರೆ ಸಾಕು, ಮದುವೆಗೆ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಅದು ಸ್ಕೂಲು ಮಕ್ಕಳ ಸೇಡು. ಮೇಲಾಗಿ ಬೆರಳು ತೋರಿಸುವುದು ಇವಳ ಕಡೆಗೇ. ಅವಳು ಹನ್ನೊಂದು ವರ್ಷದಲ್ಲಿ ಕಲಿತದ್ದು ಒಂದೇ ವಿದ್ಯೆ: ಯಾವ ತಪ್ಪು ಯಾರದು ಎಂದು ಗುರುತಿಸುವುದು. ಅಚ್ಚಿನ ಮೊಳೆ ಜೋಡಿಸಿದವನ ತಪ್ಪು ಬೇರೆ, ಬರೆದವನ ತಪ್ಪು ಬೇರೆ, ಅವಸರದ ತಪ್ಪು ಬೇರೆ, ತಿಳಿಯದ ತಪ್ಪು ಬೇರೆ. ಒಬ್ಬೊಬ್ಬರ ತಪ್ಪೂ ಅವರವರ ಮುಖದಷ್ಟೇ ಬೇರೆ. ಅಕ್ಷರವನ್ನು ಯಾರು ಬೇಕಾದರೂ ನಕಲು ಮಾಡಿಯಾರು, ತಪ್ಪನ್ನು ನಕಲು ಮಾಡುವುದು ಹೆತ್ತ ತಾಯಿಗೂ ಆಗದ ಕೆಲಸ. ಅವನ ಐದು ತಪ್ಪು ಅವಳಿಗೆ ಕಂಠಪಾಠ.

ಯೋಜನೆ ಅಲ್ಲಿಂದ ಹುಟ್ಟಿತು.

ಗಡಿಯಾರದ ಅಂಗಡಿಯ ಯಜಮಾನನಿಗೆ ಬೀದಿಯಲ್ಲಿ ಗಂಟೆ ಯಜಮಾನ ಎಂದೇ ಹೆಸರು. ಒಂದೂವರೆಗೆ ಅಂಗಡಿ ಮುಚ್ಚಿ ಮನೆಗೆ ಹೋದರೆ ಮೂರೂವರೆಗೆ ಬಾಗಿಲು ತೆಗೆಯುತ್ತಾನೆ, ಭೂಮಿ ಬಾಯ್ಬಿಟ್ಟರೂ ನಿಮಿಷ ಆಚೀಚೆ ಆಗುವುದಿಲ್ಲ. ಮದುವೆ ಗೊತ್ತಾದ ಮೇಲೆ ಅಳಿಯನಾಗುವವನೂ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದ. ಹಿಂಬಾಗಿಲಿನ ಕೀಲಿ ಓಣಿಯಲ್ಲಿ ಕರೆಂಟು ಮೀಟರಿನ ಡಬ್ಬದ ಮೇಲೆ, ಮುರಿದ ಹೆಂಚಿನ ಅಡಿಯಲ್ಲಿ. ಅದು ಅವಳಿಗೆ ಗೊತ್ತಿದ್ದದ್ದು ಹೇಗೆಂದರೆ, ಆ ಮೂರು ವರ್ಷ ಇಬ್ಬರೂ ಹೋಟೆಲಿನ ಖರ್ಚು ಉಳಿಸಲು ಅಂಗಡಿಯ ಹಿಂದಿನ ಕೋಣೆಯಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಗೋಡೆಯುದ್ದಕ್ಕೂ ರಿಪೇರಿಯ ಹಳೆ ರಿಜಿಸ್ಟರುಗಳ ಕಪಾಟು. ಅದಕ್ಕೆ ಬೆನ್ನು ಕೊಟ್ಟು ಕೂರುವುದು ಅವಳ ಜಾಗ. ಪಕ್ಕದಲ್ಲಿ ಸ್ಟೀಲಿನ ಬೀರು. ಬೀರುವಿನ ಕೀಲಿ ಹಿಡಿ ಮುರಿದ ಚಹಾ ಲೋಟದಲ್ಲಿ, ಪೆನ್ನುಗಳ ಜೊತೆ.

ಬೀರುವಿನಲ್ಲಿ ಬೆಲೆಬಾಳುವ ಕೈಗಡಿಯಾರಗಳು. ತಿಂಗಳ ಕೊನೆಯ ಶನಿವಾರ ಯಜಮಾನ ಅವನ್ನು ಕೂತು ಎಣಿಸುತ್ತಾನೆ. ಮದುವೆ ಅದರ ನಂತರದ ಗುರುವಾರ. ದಿನಗಳು ತಾವಾಗಿಯೇ ಸಾಲಾಗಿ ನಿಂತಿದ್ದವು.

"ಹೊಸ ಪೆಟ್ಟಿಗೆ ತಂದು ಹಿಂದಿನ ಕೋಣೇಲಿ ನಿಲ್ಲಿಸಿದಾನೆ," ಎಂದು ಮೆಷಿನ್ ಅಣ್ಣ ಕೇಳದೆಯೇ ಸುದ್ದಿ ತಂದ. "ಚಕ್ರದ ಪೆಟ್ಟಿಗೆ. ಒಳಗೆ ಇನ್ನೂ ಏನಿಲ್ಲ, ಬರೀ ಗಾಳಿ."

"ನನಗ್ಯಾಕೆ ಹೇಳ್ತೀಯ?"

"ಹಾಗೇ ಹೇಳ್ದೆ." ಅವನು ತಲೆ ಕೆರೆದುಕೊಂಡ. "ನಿಮಗೆ ಬೇಜಾರಿಲ್ಲ ತಾನೆ?"

"ಮದುವೆ ಆಗೋರಿಗೆ ಪೆಟ್ಟಿಗೆ ಬೇಕೇ ಬೇಕಲ್ಲ," ಎಂದಳು. ಆ ಪೆಟ್ಟಿಗೆಗೆ ಮನಸ್ಸಿನಲ್ಲೇ ಕೈ ಮುಗಿದಳು.

ಮೂರು ಚಿನ್ನದ ಪಟ್ಟಿಯ ಗಡಿಯಾರ ಬೀರುವಿನಿಂದ ಪೆಟ್ಟಿಗೆಯ ಒಳಜೇಬಿಗೆ ಹೋಗಬೇಕು. ನಾಲ್ಕು ಹೆಜ್ಜೆಯ ದೂರ. ಅವು ಕೋಣೆ ಬಿಟ್ಟು ಹೊರಗೆ ಬರುವುದೇ ಇಲ್ಲ, ಇವಳ ಕೈಯಲ್ಲಿ ಉಳಿಯುವುದೇ ಇಲ್ಲ. ಕಳ್ಳರು ಸಿಕ್ಕಿಬೀಳುವುದು ಮಾಲಿನ ಆಸೆಗೆ. ಇವಳಿಗೆ ಆಸೆಯೇ ಇಲ್ಲ. ಆದರೆ ಬರೀ ಗಡಿಯಾರ ಸಿಕ್ಕರೆ ಸಾಲದು. ಯಾರೋ ಇಟ್ಟಿದ್ದಾರೆ ಎಂದು ಅತ್ತು ಕರೆದರೆ ಮಾವ ಕರಗಬಹುದು. ಅವನೇ ತನ್ನ ಕೈಯಾರೆ ಬರೆದ ಒಂದು ಪುಸ್ತಕ ಸಿಗಬೇಕು.

ಹೊಸ ಉದ್ದನೆಯ ಪುಸ್ತಕವೊಂದನ್ನು ಅವಳು ಮೂರು ಬೀದಿ ಆಚೆಯ ಅಂಗಡಿಯಲ್ಲಿ ಕೊಂಡಳು. ಅವನ ಅಕ್ಷರ ಬಲಕ್ಕೆ ವಾಲುತ್ತದೆ, 'ರ'ದ ಬಾಲವನ್ನು ಮೇಲಕ್ಕೆ ಎಳೆಯುತ್ತಾನೆ, ಸೊನ್ನೆಯನ್ನು ಪೂರ್ತಿ ಮುಚ್ಚುವುದಿಲ್ಲ. ಹನ್ನೆರಡು ದಿನ, ಊಟವಾದ ಮೇಲೆ, ರದ್ದಿ ಹಾಳೆಗಳ ಬೆನ್ನಿನ ಮೇಲೆ ಅಭ್ಯಾಸ ಮಾಡಿ, ಆ ಹಾಳೆಗಳನ್ನು ಮುದ್ರಣಾಲಯದ ಕತ್ತರಿ ಯಂತ್ರಕ್ಕೆ ಕೊಟ್ಟಳು. ಕೊನೆಗೆ ತನ್ನ ಅಕ್ಷರವೇ ಬಲಕ್ಕೆ ವಾಲಲು ಶುರುವಾದಾಗ ಸಾಕು ಎನಿಸಿತು.

ಬರೆಯುವಾಗ ಕಷ್ಟವಾದದ್ದು ಅಕ್ಷರವಲ್ಲ, ತಪ್ಪು. 'ಮ' ಬರೆದು 'ದು' ಬರೆಯುವಾಗ ಬೆರಳು ತಾನಾಗಿಯೇ ಅಕ್ಷರದ ಹೊಟ್ಟೆ ಸೀಳಿ ಮಹಾಪ್ರಾಣ ಮಾಡಲು ಹೋಗುತ್ತಿತ್ತು. ಅಪರಾಧ ಮಾಡುವವರು ಇಂಥ ಕಡೆಯೇ ಎಡವುತ್ತಾರೆ ಎಂದು ಅವಳಿಗೆ ಗೊತ್ತಿತ್ತು: ಅಭ್ಯಾಸದ ಕೈ ಸರಿ ಬರೆದುಬಿಡುತ್ತದೆ, ಅದೊಂದು ಸರಿಯೇ ಕೊರಳಿಗೆ ಉರುಲಾಗುತ್ತದೆ. ಅವಳು ಎಡವುವವಳಲ್ಲ. ಒಂದೇ ಪುಟ ಬರೆದಳು, ಏಳು ಸಲ ಪರೀಕ್ಷಿಸಿದಳು, ಪ್ರತಿ ಸಲವೂ ಮುಂದಿನಿಂದ ಒಮ್ಮೆ ಹಿಂದಿನಿಂದ ಒಮ್ಮೆ.

'ಮದುಚಂದ್ರ ನಿದಿ. ಬೀರುವಿನಿಂದ ಚಿನ್ನದ ಪಟ್ಟಿ ಘಡಿಯಾರ ಮೂರು. ಮಾವ ಎಣಿಸಿದ ಮೇಲೆ ತೆಗೆಯುವುದಾದರೆ ತಿಂಗಳು ಸಮಯ ಸಿಗುತ್ತದೆ, ಆದರೆ ಪೆಟ್ಟಿಗೆ ತುಂಬುವ ಮೊದಲು ಒಳಗಿರಬೇಕು. ಸಮುದ್ರದ ಊರಿನಲ್ಲಿ ಮಾರುವುದು. ರೈಲು ಬೆಳಿಗ್ಗೆ ಆರು ಘಂಟೆ. ಕೋಣೆ, ದೋಣಿ, ಸುಮ್ಮನೆ ಕರ್ಚು.'

ಐದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

'ಸುಮ್ಮನೆ ಖರ್ಚು' ಬರೆದದ್ದು ಅವನಿಗೆ ಚುಚ್ಚಲಿ ಎಂದೇ. ಓದಿದ ಕೂಡಲೇ ಅವನಿಗೆ ಇದು ಯಾರ ಕೆಲಸ ಎಂದು ಗೊತ್ತಾಗುತ್ತದೆ. ಗೊತ್ತಾಗಲಿ. ಗೊತ್ತಿದ್ದೂ ಹೇಳಿದರೆ ಯಾರೂ ನಂಬದಿರುವುದೇ ಈ ಯೋಜನೆಯ ಸೊಗಸು. ತಾನೇ ಕೈಬಿಟ್ಟವಳ ಮೇಲೆ ಕಳ್ಳತನ ಹೊರಿಸುವ ಗಂಡಸನ್ನು ಯಾವ ಮಾವ ಮೆಚ್ಚುತ್ತಾನೆ?

ಇನ್ನು ಉಳಿದದ್ದು ಹಳೆಯ ಪುಸ್ತಕ, ಮೂರು ವರ್ಷದ ಅವನ ನೀಲಿ ಮತ್ತು ಅವಳ ಕೆಂಪು. ಅದು ಯಾರ ಕೈಗಾದರೂ ಸಿಕ್ಕರೆ ಅವನ ಅಕ್ಷರದ ಮಾದರಿ ಇವಳ ಬಳಿ ಇತ್ತೆಂದು ತಿಳಿಯುತ್ತದೆ. ಎಣಿಕೆಗೆ ಎರಡು ದಿನ ಮೊದಲು, ಗುರುವಾರ, ಅದನ್ನು ಬ್ಯಾಗಿನಲ್ಲಿ ತಂದು, ಮೆಷಿನ್ ಅಣ್ಣ ಚಹಾಕ್ಕೆ ಹೋದಾಗ ಕತ್ತರಿ ಯಂತ್ರದ ಕೆಳಗೆ ಇಟ್ಟಳು. ಒಂದು ಪುಟ ಮಾತ್ರ ತೆರೆದು ನೋಡಿದಳು: ಹಲ್ಲು ಕೀಳಿಸಿದ ತಿಂಗಳದ್ದು. ಅಂಚಿನಲ್ಲಿ ಅವನು ಸಣ್ಣಗೆ 'ಕೆನ್ನೆ ಬೇಗ ಇಳಿಯಲಿ' ಎಂದು ಬರೆದಿದ್ದ. ಆ ಸಾಲಿನಲ್ಲಿ ತಪ್ಪಿರಲಿಲ್ಲ. ಮಹಾಪ್ರಾಣವೇ ಇಲ್ಲದ ಸಾಲಿನಲ್ಲಿ ತಪ್ಪು ಎಲ್ಲಿಂದ ಬರಬೇಕು ಎಂದುಕೊಂಡು ಹಿಡಿ ಎಳೆದಳು. ನೀಲಿ ಕೆಂಪು ಎರಡೂ ಎಳೆಎಳೆಯಾಗಿ ರದ್ದಿಯ ಚೀಲಕ್ಕೆ ಬಿದ್ದವು.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ಇವತ್ತು ಮುಖದಲ್ಲಿ ಕಳೆ ಬಂದಿದೆಯಲ್ಲೇ," ಎಂದಳು.

"ಕೆಲಸ ಮುಗೀತು."

"ಯಾವ ಕೆಲಸ?"

"ಒಂದು ಹಳೆ ಕರಡು."

"ಅವನ ಹೆಸರು ಈ ಮನೇಲಿ ಎತ್ತಬೇಡ ಅಂದಿದೀನಿ."

"ನಾನೆಲ್ಲಿ ಎತ್ತಿದೆ?"

"ನೀನು ಎತ್ತಲ್ಲ. ನಿನ್ನ ಮೂತಿ ಎತ್ತುತ್ತೆ." ಅಕ್ಕ ಇನ್ನೊಂದು ಸೌಟು ಬಡಿಸಿದಳು. "ಹೋಗಲಿ ಬಿಡು. ನಿನ್ನ ದುಡ್ಡು ಅವನಿಗೆ ದಕ್ಕಲ್ಲ."

ಖಂಡಿತ ದಕ್ಕುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಶುಕ್ರವಾರ ಎರಡು ಗಂಟೆಗೆ ಓಣಿಯಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಫೋಟೊ ಫಿಲ್ಮು ಹಿಡಿಯಲು ಮುದ್ರಣಾಲಯದಲ್ಲಿ ಇಟ್ಟಿರುವ ಬಿಳಿ ಕೈಗವಸು ಹಾಕಿಕೊಂಡಳು. ಹೆಂಚು, ಕೀಲಿ, ಬಾಗಿಲು. ಕೋಣೆಯಲ್ಲಿ ಅದೇ ಎಣ್ಣೆ ಮತ್ತು ಹಿತ್ತಾಳೆಯ ವಾಸನೆ. ಗೋಡೆಯ ಮೇಲೆ ರಿಪೇರಿಗೆ ಬಂದ ಹನ್ನೆರಡು ಗಡಿಯಾರ ಹನ್ನೆರಡು ವೇಳೆ ತೋರಿಸುತ್ತಿದ್ದವು. ಅವಳು ಕೂರುತ್ತಿದ್ದ ಸ್ಟೂಲಿನ ಮೇಲೆ ಯಾರದೋ ಹೊಸ ಕುಷನ್ನು ಬಂದಿತ್ತು. ಅದನ್ನು ನೋಡಿ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು, ಸಿಟ್ಟಿನಿಂದಲೇ ಕೈ ಇನ್ನಷ್ಟು ಸ್ಥಿರವಾಯಿತು.

ಲೋಟದಿಂದ ಕೀಲಿ, ಬೀರುವಿನಿಂದ ಮೂರು ಗಡಿಯಾರ, ಪೆಟ್ಟಿಗೆಯ ಒಳಜೇಬು, ಜಿಪ್ಪು. ಇನ್ನು ಪುಸ್ತಕ. ತೀರಾ ಎದುರಿಗೆ ಇಟ್ಟರೆ ಇಟ್ಟಂತೆ ಕಾಣುತ್ತದೆ, ತೀರಾ ಒಳಗೆ ತುರುಕಿದರೆ ಸಿಗುವುದಿಲ್ಲ. ಕಪಾಟಿನಲ್ಲಿ ರಿಪೇರಿಯ ಎರಡು ರಿಜಿಸ್ಟರುಗಳ ನಡುವೆ, ಬೆನ್ನು ಅರ್ಧ ಬೆರಳು ಹೊರಗೆ ಕಾಣುವಂತೆ ಸೇರಿಸಿದಳು. ಜಾಗ ಮಾಡಲು ಒಂದು ರಿಜಿಸ್ಟರನ್ನು ಹೊರಗೆ ತೆಗೆದು, ಎರಡು ಕ್ಷಣ ಕಂಕುಳಲ್ಲಿ ಇಟ್ಟುಕೊಂಡು, ಮತ್ತೆ ಅಲ್ಲೇ ಇಟ್ಟಳು. ಧೂಳು ಕೊಡವಿಕೊಂಡಳು. ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ತನ್ನ ಮೇಜಿನ ಮುಂದೆ ಕೂತು ಭೂಗೋಳದ ಗೈಡಿನಲ್ಲಿ ಒಂದು ದೀರ್ಘ ತಿದ್ದುತ್ತಿದ್ದಳು.

ಶನಿವಾರ ಎಲ್ಲವೂ ಅವಳು ಬರೆದಿಟ್ಟಂತೆಯೇ ನಡೆಯಿತು. ಹನ್ನೊಂದಕ್ಕೆ ಎಣಿಕೆ, ಹನ್ನೊಂದೂವರೆಗೆ ಕೂಗಾಟ, ಹನ್ನೆರಡಕ್ಕೆ ಪೊಲೀಸ್ ಜೀಪು. ಮೆಷಿನ್ ಅಣ್ಣ ಅರ್ಧ ಗಂಟೆಗೊಮ್ಮೆ ಓಡಿ ಹೋಗಿ ಉಪ್ಪು ಖಾರ ಹಚ್ಚಿದ ಸುದ್ದಿ ತಂದ. ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಪುಸ್ತಕವೂ ಸಿಕ್ಕಿತಂತೆ. ಹುಡುಗಿ ಅಳುತ್ತಾ ಒಳಗೆ ಹೋದಳಂತೆ. ಅವನು ಪುಸ್ತಕ ಓದಿ ಅಂಗಡಿಯ ನಡುವೆ ಸುಮ್ಮನೆ ನಿಂತುಬಿಟ್ಟನಂತೆ. ಅವಳು 'ನಿಂತುಬಿಟ್ಟನಂತೆ' ಎಂಬ ಪದವನ್ನು ಎರಡು ಸಲ ಹೇಳಿಸಿಕೊಂಡಳು. ಅವನನ್ನು ಜೀಪಿಗೆ ಹತ್ತಿಸುವಾಗ ಕಿಟಕಿಯ ಬಳಿ ಹೋಗಿ ನಿಂತಳು. ಅವನು ತಲೆ ಎತ್ತಿ ಮುದ್ರಣಾಲಯದ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೋ ಅಯ್ಯೋ ಎಂಬುದಿತ್ತೋ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ.

ಭಾನುವಾರ ಒಂಬತ್ತರವರೆಗೆ ನಿದ್ದೆ ಮಾಡಿ, ಹೊಸ ಚಪ್ಪಲಿ ಕೊಂಡಳು.

ಸೋಮವಾರ ಹನ್ನೊಂದು ಗಂಟೆಗೆ ಗಂಟೆ ಯಜಮಾನ ಒಂದು ಬಟ್ಟೆಯ ಚೀಲ ಹಿಡಿದು ಮುದ್ರಣಾಲಯಕ್ಕೆ ಬಂದ. ಎರಡು ದಿನದಲ್ಲಿ ಮನುಷ್ಯನಿಗೆ ಹತ್ತು ವರ್ಷ ವಯಸ್ಸಾಗಿಹೋಗಿತ್ತು. ಅವನ ಹಿಂದೆಯೇ ಬಂದ ಪೊಲೀಸ್ ಹೆಂಗಸೊಬ್ಬಳು ಬಾಗಿಲ ಬಳಿಯೇ ನಿಂತು ಗೋಡೆಯ ಮೇಲಿನ ಕ್ಯಾಲೆಂಡರು ನೋಡತೊಡಗಿದಳು. ಮದುವೆ ನಿಂತುಹೋಗಿದೆ ಎಂಬ ಪ್ರಕಟಣೆ ಅಚ್ಚು ಹಾಕಿಸಲು ಬಂದಿದ್ದಾನೆ, ಅವಳಿಗೆ ಅನುಮಾನವೇ ಇರಲಿಲ್ಲ. ಒಕ್ಕಣೆಯನ್ನು ಆಗಲೇ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದಳು: ಅನಿವಾರ್ಯ ಕಾರಣಗಳಿಂದ.

"ಕೂತ್ಕೊಳ್ಳಿ ಯಜಮಾನ್ರೇ. ವಿಷಯ ಕೇಳಿ ತುಂಬಾ ಬೇಜಾರಾಯ್ತು."

"ಒಂದು ಕರಡು ನೋಡ್ಬೇಕಿತ್ತಮ್ಮ," ಎಂದ ಅವನು. ಚೀಲದಿಂದ ಆ ಉದ್ದನೆಯ ಪುಸ್ತಕ ತೆಗೆದು ಅವಳ ಮುಂದೆ ಇಟ್ಟ. "ನೀವು ಈ ಕೆಲಸದಲ್ಲಿ ಎತ್ತಿದ ಕೈ ಅಂತಾರೆ. ಇದ್ರಲ್ಲಿ ಎಷ್ಟು ತಪ್ಪಿದೆ, ಸ್ವಲ್ಪ ಹೇಳಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಬೇಗ ಹೇಳಿದರೆ ಮೊದಲೇ ಓದಿದಂತಾಗುತ್ತದೆ ಎಂದು ನಿಧಾನವಾಗಿ, ಬೆರಳಿಟ್ಟು, ಮುಂದಿನಿಂದ ಒಮ್ಮೆ ಹಿಂದಿನಿಂದ ಒಮ್ಮೆ ಓದಿದಳು. "ಐದು," ಎಂದಳು. "ಪಾಪ, ಅವರು ಮೊದಲಿನಿಂದಲೂ ಹೀಗೇ. ಬರವಣಿಗೆ ಅಷ್ಟಕ್ಕಷ್ಟೇ."

"ಮೊದಲಿನಿಂದಲೂ ಹೀಗೇನಾ?"

"ಹೌದು. ಈ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ."

"ಕೇಳ್ದೆ," ಎಂದು ಯಜಮಾನ ಚೀಲದೊಳಗೆ ಮತ್ತೆ ಕೈ ಹಾಕಿದ. ಬಾಗಿಲ ಬಳಿಯ ಹೆಂಗಸು ಕ್ಯಾಲೆಂಡರು ನೋಡುವುದನ್ನು ಬಿಟ್ಟಳು.

ಅವನು ತೆಗೆದದ್ದು ರಿಪೇರಿಯ ರಿಜಿಸ್ಟರು, ಅವಳು ಮೂರು ವರ್ಷ ಬೆನ್ನು ಕೊಟ್ಟು ಕೂತ ಸಾಲಿನದು, ಶುಕ್ರವಾರ ಎರಡು ಕ್ಷಣ ಕಂಕುಳಲ್ಲಿ ಇಟ್ಟುಕೊಂಡದ್ದು. "ಇದ್ರಲ್ಲೂ ಎಷ್ಟಿದೆ ನೋಡಿಬಿಡಿ," ಎಂದ. ಅಕ್ಷರ ಅವನದೇ, ಬಲಕ್ಕೆ ವಾಲಿದ್ದು, ಸೊನ್ನೆ ಪೂರ್ತಿ ಮುಚ್ಚದ್ದು. ಗೋಡೆ ಗಡಿಯಾರ, ಗಂಟೆ ಬಾರಿಸುವುದಿಲ್ಲ, ರಿಪೇರಿ ಖರ್ಚು. ಕೈಗಡಿಯಾರ, ಅರ್ಧ ಗಂಟೆ ಹಿಂದೆ, ಖರ್ಚು ಇಲ್ಲ. ಅವಳು ಮುಂದಿನಿಂದ ಓದಿದಳು, ಹಿಂದಿನಿಂದ ಓದಿದಳು, ಹತ್ತು ಪುಟ, ನಲವತ್ತು ಪುಟ, ಒಂದು ವರ್ಷ, ಎರಡು ವರ್ಷ. ಯಜಮಾನ ಅವಳ ತಲೆಯ ಮೇಲಿನಿಂದ ಮೆಲ್ಲಗೆ ಹೇಳುತ್ತಲೇ ಇದ್ದ: "ಕರೆಯೋಲೆ ಒಕ್ಕಣೆನೂ ಅವನದೇ ಅಮ್ಮ. ನಾನು ಅವನನ್ನ ಕೆಲಸಕ್ಕೆ ಇಟ್ಕೊಂಡಿದ್ದೇ ಈ ಶುದ್ಧ ಬರವಣಿಗೆ ನೋಡಿ. ಇಡೀ ಒಂದು ದಿನ ಬಾಯಿ ಬಿಡಲಿಲ್ಲ, ನಿನ್ನೆ ಸಂಜೆ ಬಿಟ್ಟ. 'ಅವರು ಕೆಂಪು ಪೆನ್ನು ಹಿಡ್ಕೊಂಡು ಬೈಯೋದನ್ನ ನೋಡೋಕೆ ಪುಟಕ್ಕೆ ಐದು ತಪ್ಪು ಬೇಕಂತಲೇ ಹಾಕ್ತಿದ್ದೆ ಮಾವ, ನನಗೆ ಬರೆಯೋಕೆ ಬರಲ್ಲ ಅಂತ ನಂಬಿರೋರು ಈ ಲೋಕದಲ್ಲಿ ಅವರೊಬ್ರೇ,' ಅಂದ." ಅವನು ತಪ್ಪು ಬರೆದಿದ್ದ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಎಳೆಎಳೆಯಾಗಿ ರದ್ದಿಯ ಚೀಲದಲ್ಲಿತ್ತು. ಅವಳು ಇನ್ನೊಂದು ಪುಟ ತಿರುವಿದಳು, ಮತ್ತೊಂದು ತಿರುವಿದಳು. ಕೆಂಪು ಪೆನ್ನು ಕೈಯಲ್ಲೇ ಇತ್ತು. ತಿದ್ದಲು ಏನೂ ಇರಲಿಲ್ಲ.